ಕೊಂಡು ತಂದ ಪ್ರಾಜೆಕ್ಟ್

2023ರ ಮೇ ತಿಂಗಳ ಒಂದು ಬೆಳಗ್ಗೆ ಕೆಂಗೇರಿಯ ಕಡೆಯ ಒಂದು ಕಾಲೇಜಿನ ಲ್ಯಾಬಿನಲ್ಲಿ ಕೊನೆಯ ವರ್ಷದವರ ಪ್ರಾಜೆಕ್ಟ್ ವೈವಾ ನಡೆಯುತ್ತಿತ್ತು. ನಾನು ಇಂಟರ್ನಲ್ ಎಕ್ಸಾಮಿನರ್. ಬೇರೆ ಕಾಲೇಜಿನಿಂದ ಬಂದಿದ್ದ ಎಕ್ಸ್‌ಟರ್ನಲ್ ಊಟದ ಹೊತ್ತಿಗೆ ಎಲ್ಲ ತಂಡಗಳನ್ನೂ ಮುಗಿಸುವ ಅವಸರದಲ್ಲಿದ್ದರು. ಬೆಳಗಿನಿಂದ ಆರು ತಂಡ ಮುಗಿದಿದ್ದವು. ಏಳನೆಯದು ನಾಲ್ಕು ಜನರದು, ಇಬ್ಬರು ಹುಡುಗರು, ಇಬ್ಬರು ಹುಡುಗಿಯರು. ಹೊಲದ ಮಣ್ಣಿನ ತೇವ ಅಳೆದು ರೈತನ ಮೊಬೈಲಿಗೆ ಮೆಸೇಜ್ ಕಳಿಸುವ ಒಂದು ಬೋರ್ಡನ್ನು ಮೇಜಿನ ಮೇಲಿಟ್ಟು, ಪಕ್ಕದಲ್ಲಿ ಮಣ್ಣು ತುಂಬಿದ ಐಸ್‌ಕ್ರೀಂ ಡಬ್ಬಿ ಇಟ್ಟಿದ್ದರು. ನಾನು ರಿಪೋರ್ಟ್ ತಿರುವುತ್ತಾ ಹೋದವನು ಒಂದು ಸರ್ಕ್ಯೂಟ್ ಚಿತ್ರದ ಬಳಿ ನಿಂತುಬಿಟ್ಟೆ.

ಜಿಎಸ್‌ಎಂ ಮಾಡ್ಯೂಲಿನ ಪಕ್ಕ ಒಂದು ಕೆಪಾಸಿಟರ್ ಇತ್ತು. ಅದರ ಬೆಲೆಯನ್ನು '1000 ಎಂಎಫ್' ಎಂದು ಬರೆದಿತ್ತು. ಇರಬೇಕಾದದ್ದು ಮೈಕ್ರೋಫ್ಯಾರಡ್. ಅದನ್ನು ಸರಿಯಾಗಿ ಬರೆಯಲು ಗ್ರೀಕರ ಮ್ಯೂ ಅಕ್ಷರ ಬೇಕು, ಅದು ಕೀಬೋರ್ಡಿನಲ್ಲಿ ಕೈಗೆ ಸಿಗುವುದಿಲ್ಲ. ಅವಸರದವನು ಇಂಗ್ಲಿಷಿನ ಎಂ ಒತ್ತಿ ಮುಂದೆ ಹೋಗುತ್ತಾನೆ. ಎಂ ಎಂದರೆ ಮಿಲಿ, ಅಂದರೆ ಸಾವಿರ ಪಟ್ಟು ದೊಡ್ಡದು. ಈ ತಪ್ಪನ್ನು ಯಾರು ಬೇಕಾದರೂ ಮಾಡಬಹುದು. ಆದರೆ ಅಲ್ಲೊಂದು ಸೊಟ್ಟ ಬಾಣದ ಗುರುತು, ಅದರ ಬುಡದಲ್ಲಿ 'ಕೀಪ್ ವೆರಿ ನಿಯರ್, ಅದರ್‌ವೈಸ್ ಮಾಡ್ಯೂಲ್ ವಿಲ್ ಡೈ' ಎಂಬ ಹರಕು ಇಂಗ್ಲಿಷ್ ಕೂಡ ಇತ್ತು. ಆ ಇಂಗ್ಲಿಷ್ ನನ್ನದು. ಬಾಣವೂ ನನ್ನದು. ಎಂಟು ವರ್ಷದ ಹಿಂದೆ ನಾನು ಬರೆದ ಚಿತ್ರ ಎಷ್ಟು ಕೈ ದಾಟಿ ಬಂದಿತ್ತೋ, ಸ್ಪೈರಲ್ ಬೈಂಡಿಂಗ್ ಹಾಕಿಸಿಕೊಂಡು ನನ್ನ ಮುಂದೆಯೇ ಮಾರ್ಕ್ಸ್ ಕೇಳುತ್ತಾ ಕೂತಿತ್ತು.

'ಈ ಕೆಪಾಸಿಟರ್ ಇಲ್ಲಿ ಯಾಕಿದೆ?' ಎಂದು ಕೇಳಿದೆ. ಮೂವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾಲ್ಕನೆಯವಳ ಉತ್ತರಕ್ಕೆ ಆಮೇಲೆ ಬರುತ್ತೇನೆ. ಮೊದಲು ಆ ಚಿತ್ರ ಹುಟ್ಟಿದ ಜಾಗ ಹೇಳಬೇಕು.

ಎಂಜಿನಿಯರಿಂಗ್ ಮುಗಿಸಿ ಒಂದು ವರ್ಷ ಕೆಲಸ ಸಿಗದೆ ತಿರುಗಿದ ಮೇಲೆ, 2014ರಲ್ಲಿ ನಾನು ವಿಜಯನಗರದ ಒಂದು ಪ್ರಾಜೆಕ್ಟ್ ಸೆಂಟರಿನಲ್ಲಿ ಸೇರಿಕೊಂಡೆ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರದ ಕಡೆ ಓಡಾಡಿದವರಿಗೆ ಇಂಥ ಅಂಗಡಿಗಳ ಬೋರ್ಡು ಗೊತ್ತು. ಬೇಕರಿಯದೋ ಮೆಡಿಕಲ್ ಸ್ಟೋರಿನದೋ ಮೇಲೆ ಮೊದಲನೇ ಮಹಡಿ, ಕಡಿದಾದ ಮೆಟ್ಟಿಲು, ಒಳಗೆ ನಾಲ್ಕು ಕಂಪ್ಯೂಟರು, ಸೋಲ್ಡರಿಂಗ್ ಹೊಗೆಯ ವಾಸನೆ. ನಮ್ಮ ಕಿಟಕಿಯ ಎದುರಿಗೇ ಮೆಟ್ರೋ ಕಂಬಗಳಿದ್ದವು. 2015ರ ನವೆಂಬರಿನಲ್ಲಿ ಅವುಗಳ ಮೇಲೆ ರೈಲು ಓಡಲು ಶುರುವಾದ ದಿನ ಕೆಲಸ ಬಿಟ್ಟು ಎಲ್ಲರೂ ಕಿಟಕಿಗೆ ಅಂಟಿಕೊಂಡಿದ್ದೆವು.

ಜನವರಿಯಿಂದ ಮೇವರೆಗೆ ಸೀಸನ್. ಬರುವವರು ಮೊದಲು 'ಬೇಸ್ ಪೇಪರ್' ಕೇಳುತ್ತಿದ್ದರು, ಅಂದರೆ ಯಾವುದಾದರೂ ಜರ್ನಲಿನಲ್ಲಿ ಬಂದ ಒಂದು ಲೇಖನ, ಅದರ ಹೆಸರು ಹೇಳಿ ಗೈಡ್ ಹತ್ತಿರ ಒಪ್ಪಿಗೆ ಪಡೆಯಲು. ಆಮೇಲೆ ಬೋರ್ಡು, ಕೋಡು, ರಿಪೋರ್ಟು, ಪಿಪಿಟಿ, ಒಂದು ಭಾನುವಾರದ ವಿವರಣೆ ತರಗತಿ. ಅದರ ಜೊತೆಗೆ ವೈವಾದಲ್ಲಿ ಕೇಳಬಹುದಾದ ಇಪ್ಪತ್ತು ಪ್ರಶ್ನೆ, ಇಪ್ಪತ್ತು ಉತ್ತರಗಳ ಒಂದು ಹಾಳೆ. ಆ ಹಾಳೆಯಲ್ಲಿ 'ಈ ಕೆಪಾಸಿಟರ್ ಯಾಕಿದೆ' ಎಂಬ ಪ್ರಶ್ನೆ ಇರಲಿಲ್ಲ. ಪ್ರಶ್ನೆಗಳನ್ನು ಬರೆದವನೂ ನಾನೇ ಆದ್ದರಿಂದ ಇದು ನನಗೆ ಖಂಡಿತವಾಗಿ ಗೊತ್ತು.

ಆ ಕೆಪಾಸಿಟರ್ ಬಂದದ್ದು ಒಂದು ರಾತ್ರಿ. ಮಾರನೇ ದಿನ ಬೆಳಗ್ಗೆ ಒಂದು ತಂಡಕ್ಕೆ ಬೋರ್ಡು ಕೊಡಬೇಕಿತ್ತು. ಆನ್ ಮಾಡಿದರೆ ಎಲ್ಲ ಸರಿ, ದೀಪ ಮಿನುಗುತ್ತದೆ. ನೆಟ್‌ವರ್ಕ್ ಹುಡುಕಲು ಶುರುಮಾಡಿದ ಕೂಡಲೇ ಆಫ್. ಮತ್ತೆ ಆನ್, ಮತ್ತೆ ಆಫ್. ಕೋಡ್ ತಪ್ಪೆಂದು ಎರಡು ಗಂಟೆ ಕೋಡ್ ನೋಡಿದೆ. ಸಿಮ್ ಬದಲಾಯಿಸಿದೆ. ಎಸ್.ಪಿ. ರಸ್ತೆಯಲ್ಲಿ ಕೆಟ್ಟ ಪೀಸ್ ಕೊಟ್ಟಿದ್ದಾರೆಂದು ಅಂಗಡಿಯವನನ್ನು ಬೈದುಕೊಂಡು ಇನ್ನೊಂದು ಮಾಡ್ಯೂಲ್ ಹಾಕಿದೆ, ಅದೂ ಹಾಗೇ. ಹನ್ನೊಂದೂವರೆಯ ಹೊತ್ತಿಗೆ, ಬೇರೇನೂ ತೋಚದೆ, ಮಲ್ಟಿಮೀಟರ್ ಹಿಡಿದು ಸುಮ್ಮನೆ ಸಪ್ಲೈ ನೋಡುತ್ತಾ ಕೂತೆ. ಮಾಡ್ಯೂಲ್ ಸಾಯುವ ಕ್ಷಣದಲ್ಲಿ ಅಂಕಿ ಚೂರು ಅಲುಗಾಡಿತು. ಟವರಿನ ಜೊತೆ ಮಾತಾಡಲು ಅದು ಒಂದೇ ಕ್ಷಣಕ್ಕೆ ಎರಡು ಆಂಪಿಯರ್‌ವರೆಗೆ ಕರೆಂಟ್ ಎಳೆಯುತ್ತದೆ. ನಮ್ಮ ಬಡಪಾಯಿ ಅಡಾಪ್ಟರಿನಿಂದ ಅಷ್ಟು ಬರುತ್ತಿರಲಿಲ್ಲ, ವೋಲ್ಟೇಜ್ ಕುಸಿಯುತ್ತಿತ್ತು, ಮಾಡ್ಯೂಲ್ ಉಸಿರು ಬಿಡುತ್ತಿತ್ತು. ಡ್ರಾಯರಿನಲ್ಲಿದ್ದ ಒಂದು ದೊಡ್ಡ ಕೆಪಾಸಿಟರನ್ನು ಅದರ ಕಾಲಬುಡಕ್ಕೇ ಬೆಸೆದೆ. ದೀಪ ನಿಧಾನವಾಗಿ, ಮೂರು ಸೆಕೆಂಡಿಗೊಮ್ಮೆ ಮಿನುಗತೊಡಗಿತು. ನೆಟ್‌ವರ್ಕ್ ಸಿಕ್ಕಿತ್ತು.

ನಾಲ್ಕು ವರ್ಷದ ಎಂಜಿನಿಯರಿಂಗಿನಲ್ಲಿ ನನಗೆ ಅಷ್ಟು ಸಂತೋಷವಾದ ಇನ್ನೊಂದು ರಾತ್ರಿ ನೆನಪಿಲ್ಲ. ಬಾಗಿಲು ಹಾಕಿ ಮನೆಗೆ ನಡೆದುಕೊಂಡೇ ಹೋದೆ. ಒಂದು ವಿಷಯ ನನಗೆ ಹೊಳೆದದ್ದು ಮಾತ್ರ ತೀರಾ ತಡವಾಗಿ: ಆ ತಂಡ ನಮಗೆ ಒಂಬತ್ತು ಸಾವಿರ ಕೊಟ್ಟದ್ದು ಇಂಥದೊಂದು ರಾತ್ರಿ ತಮಗೆ ಬಾರದಿರಲಿ ಎಂದು. ಅವರ ದುಡ್ಡಿನಲ್ಲಿ ಎಂಜಿನಿಯರ್ ಆದವನು ನಾನು.

ಈಗ ನಾನು ಪಾಠ ಮಾಡುವವನು. ಸ್ಟಾಫ್ ರೂಮಿನಲ್ಲಿ ಚಹಾದ ಹೊತ್ತಿಗೆ ಬರುವ ಮಾತು ಒಂದೇ: 'ಈಗಿನ ಮಕ್ಕಳಿಗೆ ಮೋಟಿವೇಶನ್ ಇಲ್ಲ.' ಇದಕ್ಕೆ ಪರಿಹಾರವಾಗಿ ವರ್ಷಕ್ಕೊಮ್ಮೆ ಸೂಟು ಹಾಕಿದವರೊಬ್ಬರನ್ನು ಕರೆಸಿ ಎರಡು ಗಂಟೆ ಮಾತಾಡಿಸುತ್ತೇವೆ. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಪ್ರೇರಣೆಯೆಂಬುದು ಪೆಟ್ರೋಲಿನಂಥ ವಸ್ತು, ಒಬ್ಬರು ಇನ್ನೊಬ್ಬರೊಳಗೆ ತುಂಬಬಹುದು ಎಂದು ನಾವು ನಂಬಿದಂತಿದೆ.

ಬಹುಮಾನವನ್ನಾದರೂ ತುಂಬಬಹುದೇ? ಎಡ್ವರ್ಡ್ ಡೆಸಿ ಎಂಬ ಅಮೆರಿಕದ ಮನೋವಿಜ್ಞಾನಿ 1971ರಲ್ಲಿ ಪ್ರಕಟಿಸಿದ ಒಂದು ಸಣ್ಣ ಪ್ರಯೋಗವಿದೆ. ಕಾಲೇಜು ವಿದ್ಯಾರ್ಥಿಗಳ ಎರಡು ಗುಂಪಿಗೆ ಸೋಮಾ ಕ್ಯೂಬ್ ಎಂಬ ತುಂಡುಗಳ ಒಗಟು ಕೊಟ್ಟ. ಮೂರು ಸಲ ಕರೆಸಿದ. ಎರಡನೇ ಸಲ ಒಂದು ಗುಂಪಿಗೆ ಮಾತ್ರ ಬಿಡಿಸಿದ ಪ್ರತಿ ಒಗಟಿಗೆ ಒಂದು ಡಾಲರ್. ಮಧ್ಯೆ ಏನೋ ನೆಪ ಹೇಳಿ ಹೊರಗೆ ಹೋಗಿ, ಅವರು ತಮ್ಮಷ್ಟಕ್ಕೆ ಬಿಟ್ಟಾಗ ಒಗಟು ಮುಟ್ಟುತ್ತಾರೋ ಮೇಜಿನ ಮೇಲಿನ ಪತ್ರಿಕೆ ತಿರುವುತ್ತಾರೋ ಎಂದು ನೋಡಿದ. ಮೂರನೇ ಸಲ ಡಾಲರ್ ನಿಂತಾಗ, ದುಡ್ಡು ಕಂಡ ಗುಂಪು ಒಗಟಿನ ಜೊತೆ ಕಳೆದ ಹೊತ್ತು ಮೊದಲಿಗಿಂತ ಕಡಿಮೆಯಾಗಿತ್ತು. ಮೊದಲು ಸುಮ್ಮನೆ ಆಡುತ್ತಿದ್ದದ್ದು ಈಗ ಕೂಲಿಯಿಲ್ಲದ ಕೆಲಸವಾಗಿತ್ತು. ಇದನ್ನು ಓದಿದವರು ಮಾರ್ಕ್ಸೇ ನಮ್ಮ ಮಕ್ಕಳನ್ನು ಕೆಡಿಸಿದ್ದು ಎಂದು ಥಟ್ಟನೆ ಹೇಳಿಬಿಡುತ್ತಾರೆ. ನಾನೂ ಕೆಲವು ವರ್ಷ ಹಾಗೇ ಹೇಳಿಕೊಂಡು ತಿರುಗಿದೆ.

ನನ್ನನ್ನು ತಡೆದದ್ದು ಅಪ್ಪನ ನೆನಪು. ಅಪ್ಪ ಕಾಮಾಕ್ಷಿಪಾಳ್ಯದ ಒಂದು ಶೆಡ್ಡಿನಲ್ಲಿ ಲೇತ್ ಓಡಿಸುತ್ತಿದ್ದವರು, ಟರ್ನರ್. ಓದಿದ್ದು ಎಸ್ಸೆಸ್ಸೆಲ್ಸಿ. ಒಂದು ಸಲ ತೆಳು ಗೋಡೆಯ ಹಿತ್ತಾಳೆ ಬುಷ್‌ಗಳ ಆರ್ಡರ್ ಬಂತು. ಲೇತಿನ ಮೇಲಿರುವಾಗ ಒಳಗಿನ ತೂತು ದುಂಡಗೆ, ಅಳತೆ ಕರೆಕ್ಟು. ಚಕ್ ಸಡಿಲಿಸಿ ತೆಗೆದರೆ ದುಂಡಗಿಲ್ಲ. ಪೀಸುಗಳೆಲ್ಲ ರಿಜೆಕ್ಟ್. ಪೀಸಿನ ಲೆಕ್ಕದ ಕೂಲಿ, ರಿಜೆಕ್ಟ್ ಆದದ್ದಕ್ಕೆ ದುಡ್ಡಿಲ್ಲ. ಅಪ್ಪ ಎರಡು ರಾತ್ರಿ ಊಟದ ತಟ್ಟೆಯ ಮುಂದೆ ಲೋಟವನ್ನು ಮೂರು ಬೆರಳಲ್ಲಿ ಒತ್ತಿ ಹಿಡಿದು ನೋಡುತ್ತಾ ಕೂತಿದ್ದರು. ಅಮ್ಮ ಗಾಬರಿಯಾಗಿದ್ದಳು. ಮೂರನೇ ದಿನ ಗೊತ್ತಾಯಿತು: ಚಕ್ಕಿನ ಮೂರು ದವಡೆ ತೆಳು ಬುಷ್ಷನ್ನು ಹಿಂಡುತ್ತವೆ, ಹಿಂಡಿದ ಸ್ಥಿತಿಯಲ್ಲೇ ದುಂಡಗೆ ಕೊರೆದರೆ ಬಿಟ್ಟಾಗ ಅದು ತನ್ನ ಆಕಾರಕ್ಕೆ ಮರಳುತ್ತದೆ, ತೂತು ಮೂರು ಮೂಲೆಯಾಗುತ್ತದೆ. ಒಂದು ದಪ್ಪ ಬಳೆಯನ್ನು ಉದ್ದಕ್ಕೆ ಸೀಳಿ, ಬುಷ್ಷಿನ ಸುತ್ತ ತೊಡಿಸಿ, ಅದರ ಮೇಲೆ ಚಕ್ ಬಿಗಿದರು. ಒತ್ತಡ ಸುತ್ತಲೂ ಹಂಚಿಹೋಯಿತು. ಪೀಸ್ ಪಾಸಾಯಿತು.

ಅಪ್ಪ ಅದನ್ನು ದುಡ್ಡಿಗಾಗಿಯೇ ಮಾಡಿದರು. ಅದರಲ್ಲಿ ಮುಚ್ಚುಮರೆಯಿಲ್ಲ. ಆದರೂ ಆ ಬುಷ್ಷಿನ ಕತೆಯನ್ನು ಅವರು ಸಾಯುವವರೆಗೆ ಮನೆಗೆ ಬಂದವರಿಗೆಲ್ಲ ಹೇಳಿದರು, ಆ ತಿಂಗಳ ಕೂಲಿ ಎಷ್ಟು ಬಂತೆಂದು ಒಮ್ಮೆಯೂ ಹೇಳಲಿಲ್ಲ. ಹಾಗಾದರೆ ದುಡ್ಡೇ ಕೆಡಿಸುತ್ತದೆ ಅನ್ನುವ ಮಾತು ಪೂರ್ತಿ ನಿಲ್ಲುವುದಿಲ್ಲ. ನನಗೆ ಈಗ ಅನ್ನಿಸುವುದು ಇಷ್ಟು: ಕೂಲಿಯೋ ಮಾರ್ಕ್ಸೋ ಪ್ರೀತಿಯೋ, ಯಾವುದು ನಮ್ಮನ್ನು ಕೆಲಸದ ಮುಂದೆ ಕೂರಿಸಿತು ಎನ್ನುವುದು ಅಷ್ಟು ಮುಖ್ಯವಲ್ಲ. ಕೂತ ಮೇಲೆ ಎದುರಿಗಿರುವುದು ನಮಗೆ ಎದುರುತ್ತರ ಕೊಡುತ್ತದೆಯೇ? ಬುಷ್ಷನ್ನು ಮಾತಿನಲ್ಲಿ ಒಪ್ಪಿಸಲಾಗುವುದಿಲ್ಲ. ಅಪ್ಪನ ಬಡತನ ನೋಡಿ ಅದು ದುಂಡಗಾಗಲಿಲ್ಲ. ನನ್ನ ಜಿಎಸ್‌ಎಂ ಮಾಡ್ಯೂಲೂ ಅಷ್ಟೇ, ನನ್ನ ಡಿಗ್ರಿ ಕೇಳಲಿಲ್ಲ. ಹಾಗೆ ಮುಖಕ್ಕೆ ಹೊಡೆದಂತೆ 'ಇಲ್ಲ' ಅನ್ನುವ ವಸ್ತುವಿನ ಮುಂದೆ ಸ್ವಲ್ಪ ಹೊತ್ತು ಕೂತರೆ, ಮೋಟಿವೇಶನ್ ಎಂದು ನಾವು ಕರೆಯುವುದು ತಾನಾಗಿ ಹುಟ್ಟಿರುತ್ತದೆ. ಕೆಲವರಲ್ಲಿ ಹುಟ್ಟುವುದಿಲ್ಲ, ಅದೂ ನಿಜ.

ನಮ್ಮ ತರಗತಿಯಲ್ಲಿ ಈ 'ಇಲ್ಲ' ಸಿಗುವುದು ಕಡಿಮೆ. ಈಗಿನ ವಿಟಿಯು ಪ್ರಶ್ನೆಪತ್ರಿಕೆ ಐದು ಮಾಡ್ಯೂಲಿನದು, ಪ್ರತಿಯೊಂದರಲ್ಲೂ ಎರಡು ಪೂರ್ಣ ಪ್ರಶ್ನೆ, ಒಂದಕ್ಕೆ ಉತ್ತರಿಸಿದರೆ ಸಾಕು. ನ್ಯಾಯವಾದ ಏರ್ಪಾಡೇ. ಆದರೆ ಹಿಂದಿನ ಪತ್ರಿಕೆಗಳನ್ನು ಗುಡ್ಡೆ ಹಾಕಿಕೊಂಡು ಕೂತ ಹುಡುಗ ಯಾವ ಪ್ರಶ್ನೆ ಮರಳಿ ಬರುತ್ತದೆಂದು ಬೇಗ ಕಂಡುಹಿಡಿಯುತ್ತಾನೆ. ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ 'ಪಾಸಿಂಗ್ ಪ್ಯಾಕೇಜ್' ಎಂಬ ಹೆಸರಿನಲ್ಲೇ ನೋಟ್ಸ್ ಸಿಗುತ್ತದೆ. ನಿಜ ಹೇಳಬೇಕೆಂದರೆ ಅದನ್ನು ತಯಾರಿಸಿದವನು ಒಂದು ಒಳ್ಳೆಯ ಸಮಸ್ಯೆ ಬಿಡಿಸಿದ್ದಾನೆ. ನಾವು ಕೊಡುವ ಲೆಕ್ಕದ ಉತ್ತರ ಈಗಾಗಲೇ ಎಲ್ಲೋ ಇದೆ, ಅದಕ್ಕಾಗಿ ಯಾರೂ ಕಾಯುತ್ತಿಲ್ಲ ಎಂದು ಮಕ್ಕಳಿಗೆ ಮೊದಲ ಸೆಮಿಸ್ಟರಿನಲ್ಲೇ ಗೊತ್ತಾಗುತ್ತದೆ. ಏಳು ಸೆಮಿಸ್ಟರ್ ಇದ್ದ ಉತ್ತರವನ್ನು ಹುಡುಕಿ ತಂದವರು ಎಂಟನೆಯದರಲ್ಲಿ ಇದ್ದ ಪ್ರಾಜೆಕ್ಟನ್ನು ಹುಡುಕಿ ತರುತ್ತಾರೆ. ಅದರಲ್ಲಿ ಆಶ್ಚರ್ಯವೇನು?

ಗಣಿತಜ್ಞ ಜಾರ್ಜ್ ಪೋಲ್ಯಾ 1945ರಲ್ಲಿ ಬರೆದ 'ಹೌ ಟು ಸಾಲ್ವ್ ಇಟ್' ಪುಸ್ತಕವನ್ನು ಸಮಸ್ಯೆ ಬಿಡಿಸುವ ನಾಲ್ಕು ಹಂತಗಳಿಗಾಗಿ ಎಲ್ಲರೂ ಉದಾಹರಿಸುತ್ತಾರೆ. ಮೊದಲ ಹಂತದಲ್ಲೇ ಅವನು ಹೇಳುವ ಇನ್ನೊಂದು ಮಾತನ್ನು ಬಿಟ್ಟುಬಿಡುತ್ತಾರೆ. ಸಮಸ್ಯೆ ಅರ್ಥವಾದರೆ ಸಾಲದು, ಅದು ಬಿಡಿಸಿಕೊಳ್ಳಲೆಂಬ ಆಸೆಯೂ ವಿದ್ಯಾರ್ಥಿಗೆ ಇರಬೇಕು. ಆ ಆಸೆ ಇಲ್ಲವೆಂದರೆ ತಪ್ಪು ಯಾವಾಗಲೂ ಅವನದೇ ಅಲ್ಲ, ಸಮಸ್ಯೆಯನ್ನು ಆರಿಸಿದವರೂ ಯೋಚಿಸಬೇಕು ಎನ್ನುತ್ತಾನೆ. ನಾವು ಪ್ರತಿ ಸೆಪ್ಟೆಂಬರ್ 15ರಂದು ವಿಶ್ವೇಶ್ವರಯ್ಯನವರ ಫೋಟೋಕ್ಕೆ ಹಾರ ಹಾಕುತ್ತೇವೆ. ಅವರ ಸ್ವಯಂಚಾಲಿತ ಗೇಟುಗಳು 1903ರಲ್ಲಿ ಪುಣೆ ಬಳಿಯ ಖಡಕ್‌ವಾಸ್ಲಾದಲ್ಲಿ ಬಂದವು, ಆಮೇಲೆ ಕನ್ನಂಬಾಡಿಗೂ ಬಂದವು. ಪುಣೆಯವರಿಗೆ ಬೇಕಾದ ನೀರು ಮಳೆಗಾಲದಲ್ಲಿ ಕಟ್ಟೆಯ ಮೇಲೆ ಹರಿದುಹೋಗುತ್ತಿತ್ತು, ಅದೇ ಅವರ ಪ್ರಶ್ನೆಪತ್ರಿಕೆ.

ಇಷ್ಟು ಹೇಳಿ ಮಕ್ಕಳನ್ನು ಪೂರ್ತಿ ಬಿಡುಗಡೆ ಮಾಡಿಬಿಟ್ಟೆನೇ? ಇಲ್ಲ. ಬೇರೆಯವರು ಮಾಡಿದ್ದಕ್ಕೆ ತನ್ನ ಹೆಸರು ಹಾಕುವುದು ಸುಳ್ಳು. ರಿಪೋರ್ಟಿನ ಮೊದಲ ಪುಟದಲ್ಲೇ ಇದು ನಮ್ಮ ಸ್ವಂತ ಕೆಲಸವೆಂದು ನಾಲ್ವರೂ ಸಹಿ ಮಾಡಿರುತ್ತಾರೆ. ಬಸವೇಶ್ವರನಗರದ ಹುಡುಗನೊಬ್ಬನಿಗೆ ಕಾಯಕವೆಂದರೇನೆಂದು ನಾನು ಹೇಳಿಕೊಡಬೇಕಾಗಿಲ್ಲ, ಬಸ್ಸಿನ ಬೋರ್ಡಿನಲ್ಲೇ ಬಸವಣ್ಣನವರ ಹೆಸರಿದೆ. ಆದರೆ ಸುಳ್ಳುಗಳನ್ನೂ ಅಳೆಯಬೇಕು. ಎಜುಕೇಶನ್ ಲೋನ್ ತಲೆಯ ಮೇಲಿದೆ, ಕ್ಯಾಂಪಸ್ಸಿಗೆ ಬರುವ ಕಂಪನಿ 60 ಪರ್ಸೆಂಟ್ ಕೇಳುತ್ತದೆ, ಬ್ಯಾಕ್‌ಲಾಗ್ ಇರಬಾರದು ಅನ್ನುತ್ತದೆ, ಗೈಡ್ ಜನವರಿಯಿಂದ ನಿಮ್ಮ ಬೋರ್ಡನ್ನು ಒಮ್ಮೆಯೂ ನೋಡಿಲ್ಲ. ಅಂಥವನ ಸುಳ್ಳು ದೊಡ್ಡದೋ, ಎಲ್ಲ ಗೊತ್ತಿದ್ದೂ ಸಹಿ ಹಾಕುವ ಗೈಡಿನದೋ? ಮಾರಿದ ನನ್ನದೋ?

ನನ್ನದು ಎಷ್ಟು ದೊಡ್ಡದೆಂದು ನನಗೆ ತಿಳಿದದ್ದು 2016ರ ಫೆಬ್ರವರಿಯಲ್ಲಿ. ಪಾವಗಡದ ಕಡೆಯ ಹುಡುಗನೊಬ್ಬ ಒಬ್ಬನೇ ಮೆಟ್ಟಿಲು ಹತ್ತಿ ಬಂದ. ಬೇಸ್ ಪೇಪರ್ ಕೇಳಲಿಲ್ಲ. 'ಅಣ್ಣ, ನಮ್ಮೂರ್ ಕಡೆ ತ್ರೀ ಫೇಸ್ ಕರೆಂಟ್ ರಾತ್ರಿ ಎರಡಕ್ಕೋ ಮೂರಕ್ಕೋ ಬರತ್ತೆ. ಅಪ್ಪ ಎದ್ದು ಹೋಗ್ಬೇಕು. ಆಟೋ ಸ್ಟಾರ್ಟರ್ ಹಾಕ್ಸಿದ್ವಿ, ಆದ್ರೆ ಬೋರ್‌ನಲ್ಲಿ ನೀರು ಮುಕ್ಕಾಲು ಗಂಟೆ ಬಂದ್ರೆ ಹೆಚ್ಚು. ನೀರು ನಿಂತ್ಮೇಲೂ ಮೋಟ್ರು ಓಡಿ ಎರಡು ಸಲ ಕಾಯಿಲ್ ಸುಟ್ಟೋಯ್ತು' ಎಂದ. ಆಮೇಲೆ ಹೇಳಿದ ಮಾತು ನನ್ನ ತಲೆಯಲ್ಲಿ ಇನ್ನೂ ಇದೆ. 'ನೀರು ನಿಂತಾಗ ಸ್ಟಾರ್ಟರ್ ಡಬ್ಬೀಲಿರೋ ಆಂಪ್ಸ್ ಮೀಟ್ರು ಮುಳ್ಳು ಕೆಳಗೆ ಬೀಳತ್ತಣ್ಣ, ನಾನು ನೋಡಿದೀನಿ. ಆ ಮುಳ್ಳು ಬೀಳೋದನ್ನ ಹಿಡಿದ್ರೆ ಸಾಕಲ್ವಾ?'

ಸಾಕು. ಪಂಪಿಗೆ ಎತ್ತಲು ನೀರಿಲ್ಲದಾಗ ಮೋಟಾರಿನ ಹೊರೆ ಇಳಿಯುತ್ತದೆ, ಕರೆಂಟ್ ಇಳಿಯುತ್ತದೆ. ಅವನು ಯಾವ ಪುಸ್ತಕವನ್ನೂ ನೋಡದೆ ಸರಿಯಾದ ಜಾಗದಲ್ಲಿ ಕೈಯಿಟ್ಟಿದ್ದ. ಕೇಳಿದ್ದು ಇಷ್ಟೇ: 'ನಾನೇ ಮಾಡ್ತೀನಿ, ಇಲ್ಲಿ ಕೂತು ಮಾಡ್ಬೋದಾ? ಸಿಕ್ಕಾಕ್ಕೊಂಡಾಗ ಹೇಳ್ಕೊಡಿ.' ಓನರ್ ಒಳಗಿನಿಂದ ಕಣ್ಣು ಸನ್ನೆ ಮಾಡಿದರು. ಸೀಸನ್ ಹೊತ್ತು, ಒಂದು ಮೇಜು ಒಬ್ಬನಿಗೆ ಎರಡು ತಿಂಗಳು ಕೊಟ್ಟರೆ ನಷ್ಟ. ಆಮೇಲೆ ಮಾತಾಡಿದವನು ನಾನು. ವೈವಾ ಮೇಜಿನ ಮೇಲೆ ತ್ರೀ ಫೇಸ್ ತಂದು ಡೆಮೋ ತೋರಿಸಲಾಗುವುದಿಲ್ಲ ಅಂದೆ. ಮೂರು ತಿಂಗಳಲ್ಲಿ ಆಗದಿದ್ದರೆ ವರ್ಷ ಹೋಗುತ್ತದೆ ಅಂದೆ. ಫೇಸ್ ರೆಕಗ್ನಿಷನ್ ಅಟೆಂಡೆನ್ಸ್ ಸಿಸ್ಟಮ್ ರೆಡಿ ಇದೆ, ಎಕ್ಸ್‌ಟರ್ನಲ್‌ಗಳಿಗೆ ಇಷ್ಟವಾಗುತ್ತದೆ ಅಂದೆ. ಎಲ್ಲವೂ ನಿಜವೇ, ಒಂದೂ ಸುಳ್ಳಲ್ಲ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಅಡ್ವಾನ್ಸ್ ಕೊಟ್ಟು ಹೋದ. ಮೇನಲ್ಲಿ ಬಂದು ಬೋರ್ಡು ತೆಗೆದುಕೊಂಡಾಗ ಆನ್ ಮಾಡಿ ಕೂಡ ನೋಡಲಿಲ್ಲ. 'ನೀವು ಟೆಸ್ಟ್ ಮಾಡಿದೀರಲ್ಲಣ್ಣ' ಎಂದ. ಅವತ್ತು ಅವನನ್ನು ನೋಡಿದ್ದರೆ ನಮ್ಮ ಸ್ಟಾಫ್ ರೂಮಿನವರು ಖಂಡಿತ ಹೇಳುತ್ತಿದ್ದರು, ಈ ಹುಡುಗನಿಗೆ ಮೋಟಿವೇಶನ್ ಇಲ್ಲವೆಂದು. ಆ ವರ್ಷದ ಕೊನೆಗೆ ನಾನು ಕೆಲಸ ಬಿಟ್ಟೆ. ಅವನಿಂದಾಗಿ ಬಿಟ್ಟೆ ಅಂದರೆ ಅದೂ ಒಂದು ಬಣ್ಣದ ಮಾತಾಗುತ್ತದೆ, ಎಂ.ಟೆಕ್ ಸೀಟು ಸಿಕ್ಕಿತ್ತು.

ಮತ್ತೆ ಆ ಲ್ಯಾಬಿಗೆ. ಮೂವರು ಸುಮ್ಮನಿದ್ದರು. ನಾಲ್ಕನೆಯವಳು, ಅಲ್ಲಿವರೆಗೆ ಹಿಂದೆ ನಿಂತಿದ್ದವಳು, 'ಸರ್, ಅದು ತೆಗೆದ್ರೆ ಮಾಡ್ಯೂಲ್ ರೀಸ್ಟಾರ್ಟ್ ಆಗತ್ತೆ' ಅಂದಳು.

'ಯಾರು ಹೇಳಿದ್ರಮ್ಮ?'

'ಯಾರೂ ಹೇಳ್ಲಿಲ್ಲ ಸರ್. ವಿಲ್ ಡೈ ಅಂತ ಬರ್ದಿತ್ತಲ್ಲ, ನಿಜಾನಾ ಅಂತ ತೆಗ್ದು ನೋಡ್ದೆ.'

ಪಕ್ಕದ ಹುಡುಗ ಅವಳ ಕಡೆ ತಿರುಗಿ ನೋಡಿದ. ಬೋರ್ಡು ಕೊಂಡದ್ದೆಂದು ಅವಳ ಬಾಯಿಂದಲೇ ಹೊರಬಿದ್ದಿತ್ತು, ತಾನೇ ಮಾಡಿದವಳು ನಿಜವೇ ಎಂದು ತೆಗೆದು ನೋಡಬೇಕಾಗಿರಲಿಲ್ಲ. ಎಕ್ಸ್‌ಟರ್ನಲ್ ನನ್ನ ಮುಖ ನೋಡಿದರು. ಕೊಂಡ ಪ್ರಾಜೆಕ್ಟಿಗೆ ಏನು ಮಾಡಬೇಕೆಂದು ನಮಗಿಬ್ಬರಿಗೂ ಗೊತ್ತಿತ್ತು. ಸಾಮಾನ್ಯವಾಗಿ ಏನು ಮಾಡುತ್ತೇವೆಂಬುದೂ ಗೊತ್ತಿತ್ತು. ನಾನು ಆ ಚಿತ್ರ ನನ್ನದೆಂದು ಹೇಳಿದೆ. ಎಂಎಫ್ ಎಂದು ಬರೆದದ್ದು ತಪ್ಪು, ಆ ತಪ್ಪು ಮಾಡಿದವನು ನಾನು ಅಂದೆ. ಲ್ಯಾಬಿನಲ್ಲಿ ಯಾರೂ ಏನೂ ಮಾತಾಡಲಿಲ್ಲ. ಎಕ್ಸ್‌ಟರ್ನಲ್ ಗಡಿಯಾರ ನೋಡಿ, 'ನಾವು ಊಟ ಮುಗಿಸಿ ಮಾತಾಡೋಣ ಸರ್' ಎಂದು ಎದ್ದರು.

ಮೂವರು ಹೊರಗೆ ಹೋದರು. ಅವಳು ಬೋರ್ಡು ಎತ್ತಿಕೊಳ್ಳುತ್ತಾ ಕೇಳಿದಳು, 'ಸರ್, ಹಾಗಾದ್ರೆ ಕರೆಕ್ಟಾಗಿ ಎಷ್ಟಿರ್ಬೇಕು? 1000 ಅಂತ ಹೇಗೆ ಬಂತು?'

ಡ್ರಾಯರಿನಲ್ಲಿ ಇದ್ದದ್ದು ಅದೊಂದೇ, ಅದಕ್ಕೇ ಬಂತು. ಎಂಟು ವರ್ಷದಲ್ಲಿ ನಾನು ಲೆಕ್ಕ ಹಾಕಿಯೇ ಇರಲಿಲ್ಲ. ರಿಪೋರ್ಟಿನ ಹಿಂಬದಿಯ ಖಾಲಿ ಪುಟ ತಿರುಗಿಸಿದೆ. ಜಿಎಸ್‌ಎಂನಲ್ಲಿ ಒಂದು ಸ್ಲಾಟ್ 577 ಮೈಕ್ರೋಸೆಕೆಂಡ್. ಅಷ್ಟು ಹೊತ್ತು ಎರಡು ಆಂಪಿಯರ್. ವೋಲ್ಟೇಜ್ 0.3ಕ್ಕಿಂತ ಹೆಚ್ಚು ಇಳಿಯಬಾರದು ಎಂದಿಟ್ಟುಕೊಳ್ಳೋಣ, ಅಡಾಪ್ಟರಿನಿಂದ ಆ ಹೊತ್ತಿಗೆ ಏನೂ ಬರುವುದಿಲ್ಲ ಎಂದೂ ಇಟ್ಟುಕೊಳ್ಳೋಣ. ಅವಳು ಮೊಬೈಲಿನಲ್ಲಿ ಗುಣಿಸಿ, ಭಾಗಿಸಿದಳು. 0.0038 ಫ್ಯಾರಡ್ ಬಂತು.

'ಸರ್, ಇದು 3.8 ಎಂಎಫ್ ಅಲ್ವಾ? ಮಿಲಿನೇ.'

ಹೌದಲ್ಲ. 1000 ಮೈಕ್ರೋ ಸಾಲಬಾರದಾಗಿತ್ತು, ಆದರೂ ನಡೆದಿದೆ. 'ಹಾಗಾದ್ರೆ ಉಳಿದಿದ್ದು ಎಲ್ಲಿಂದ ಬಂತು ಸರ್, ಅಡಾಪ್ಟರ್‌ನಿಂದಾನಾ?' ಎಂದು ಅವಳು ಮಲ್ಟಿಮೀಟರ್ ಹುಡುಕತೊಡಗಿದಳು. ಮಲ್ಟಿಮೀಟರಿನಲ್ಲಿ ಇದು ಕಾಣುವುದಿಲ್ಲ, ಆಸಿಲೋಸ್ಕೋಪ್ ಬೇಕು ಅಂದೆ. ಅದು ಪಕ್ಕದ ಲ್ಯಾಬಿನಲ್ಲಿತ್ತು, ಬೀಗ ಹಾಕಿತ್ತು, ಅಟೆಂಡರ್ ಊಟಕ್ಕೆ ಹೋಗಿದ್ದರು. ಇಬ್ಬರೂ ಬಾಗಿಲ ಬಳಿ ನಿಂತು ಕಾದೆವು.